ಹೋಗತೈತೋ ಇಲ್ಲೋ

ಇಂದು ಬೆಳಿಗ್ಗೆ ಮಹಡಿಯ ಕಟ್ಟೆಯ ಮೇಲೆ ಒಂದು ಕಪ್ಪು ರೆಕ್ಸಿನ್ ಚೀಲವನ್ನು ಬಿಸಿಲಿಗೆ ಇಟ್ಟಿದ್ದೆ. ಚೀಲವೆಂದರೆ ದೊಡ್ಡದೇನೂ ಅಲ್ಲ. ಒಂದು ಮೊಬೈಲ್ ಫೋನು ಒರಗಿ ಕೂರುವಷ್ಟು ಅಗಲ, ತೊಡೆಗೆ ಬಿಗಿದುಕೊಳ್ಳಲು ಎರಡು ಪಟ್ಟಿ. ಒಂದು ಪಟ್ಟಿಯ ಹೊಲಿಗೆ ಬಿಟ್ಟಿತ್ತು. ಟೈಲರ್ ಅಂಗಡಿ ತೆಗೆಯುವವರೆಗೆ ಒಳಗಿನ ಮಣ್ಣಾದರೂ ಒಣಗಿ ಉದುರಲಿ ಎಂದು ಇಟ್ಟವಳು, ಕಾಫಿ ಮುಗಿಸಿ ಮೇಲೆ ಬರುವ ಹೊತ್ತಿಗೆ ರೆಕ್ಸಿನ್ ಕಾದು ವಾಸನೆ ಬಿಟ್ಟಿತ್ತು. ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತೆಂದು ಸಂತೋಷದಿಂದ ಕುಳಿತು, ಕುಳಿತಷ್ಟೇ ವೇಗವಾಗಿ ಎದ್ದು ನಿಂತ ಅನುಭವ ನಿಮಗಿದ್ದರೆ ಆ ವಾಸನೆಯನ್ನು ನಾನು ವಿವರಿಸಬೇಕಾಗಿಲ್ಲ. ನನಗಂತೂ ಅದು ಮೂಗಿಗೆ ತಾಕಿದ ಕೂಡಲೇ ನಮ್ಮ ಅಜ್ಜಿ ನೆನಪಾದಳು.

ಅಜ್ಜಿಯ ಕಡೆಗೆ ಹೋಗುವ ಮೊದಲು ಚೀಲದ ವಿಷಯವನ್ನು ಹೇಳಿಬಿಡುವುದು ಉಚಿತ. ಇದನ್ನು ತೊಡೆಗೆ ಕಟ್ಟಿಕೊಂಡು ಒಬ್ಬರು ಆಕಾಶದಲ್ಲಿ ಹಾರುತ್ತಾರೆ. ಅವರದು ಎಂಜಿನ್ ಇಲ್ಲದ ಗ್ಲೈಡರ್: ತಲೆಯ ಮೇಲೆ ಬಟ್ಟೆಯ ರೆಕ್ಕೆ, ಅದರಿಂದ ಇಳಿಬಿದ್ದ ದಾರಗಳು, ಕೆಳಗೆ ಜೋಲಿಯಂತಹ ಆಸನ. ಬೆಟ್ಟದ ಮೇಲಿನಿಂದ ಓಡಿ ಗಾಳಿಗೆ ಇಳಿಯುವುದು, ಬಿಸಿಗಾಳಿ ಏಳುವ ಕಡೆ ಹದ್ದಿನಂತೆ ಸುತ್ತಿ ಸುತ್ತಿ ಮೇಲೇರುವುದು, ಅಲ್ಲಿಂದ ಜಾರುತ್ತ ಇನ್ನೊಂದು ಬಿಸಿಗಾಳಿಯನ್ನು ಹುಡುಕುವುದು. ಹೀಗೆ ಊರಿಂದೂರಿಗೆ ಹೋಗಬಹುದಂತೆ. ತೊಡೆಯ ಮೇಲಿನ ಫೋನಿನಲ್ಲಿ ದಾರಿ ತೋರಿಸುವ ತಂತ್ರಾಂಶವಿರುತ್ತದೆ. ಅದು ಯಾರು ಬೇಕಾದರೂ ಬಳಸಬಹುದಾದ, ತಿಳಿದವರು ತಿದ್ದಬಹುದಾದ ಉಚಿತ ತಂತ್ರಾಂಶ. ಅದರ ಪರದೆಯ ಮೇಲೆ ಯಾವ ಮಾಹಿತಿ ಎಲ್ಲಿ, ಎಷ್ಟು ದೊಡ್ಡದಾಗಿ ಕಾಣಬೇಕು ಎಂದು ಜೋಡಿಸುವುದು ನಾನು ಬಿಡುವಿನಲ್ಲಿ ಮಾಡುವ ಕೆಲಸ. ಹೊಟ್ಟೆಪಾಡಿನ ಕೆಲಸ ಬೇರೆ; ಹಗಲು ರಾಯದುರ್ಗದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ನಾನು ಇದುವರೆಗೆ ಒಮ್ಮೆಯೂ ಹಾರಿದವಳಲ್ಲ ಎಂಬುದನ್ನೂ ಇಲ್ಲಿಯೇ ನಿವೇದಿಸಿಕೊಳ್ಳುತ್ತೇನೆ. ಅಟ್ಟದಿಂದ ಡಬ್ಬಿ ಇಳಿಸುವಾಗಲೂ ಸ್ಟೂಲನ್ನು ಯಾರಾದರೂ ಹಿಡಿದುಕೊಳ್ಳಬೇಕು.

ಈಗ ಅಜ್ಜಿ. ಆಂಧ್ರದ ಗಡಿಯಲ್ಲಿ, ಗುಮ್ಮಘಟ್ಟದ ಕಡೆಯ ಕುರಿಮಂದೆಯ ಮನೆತನ ನಮ್ಮದು. ಆ ಮನೆಯಲ್ಲಿ ಅಕ್ಷರ ಕಲಿತು, ಅದರ ಹಿಂದೆಯೇ ಪದವಿಯವರೆಗೆ ಹೋದವಳು ನಾನೊಬ್ಬಳೇ. ಹೀಗಾಗಿ ಚಿಕ್ಕಂದಿನಿಂದಲೂ ಮನೆಯ ಓದು ನನ್ನ ಪಾಲಿಗೆ ಬಂದಿತ್ತು. ಮಾತ್ರೆಯ ಹಾಳೆ, ಮದುವೆಯ ಪತ್ರಿಕೆ, ಗೊಬ್ಬರದ ಚೀಲದ ಮೇಲಿನ ಬರಹ, ಎಲ್ಲವನ್ನೂ ನನ್ನ ಮುಂದೆ ಹಿಡಿಯುತ್ತಿದ್ದರು. ಶ್ರಾವಣದ ಶನಿವಾರಗಳಲ್ಲಿ ಅಜ್ಜಿ ನೇಮಕಲ್ಲಿನ ಆಂಜನೇಯನ ದರ್ಶನಕ್ಕೆ ಹೊರಟರೆ ಬಸ್ಸಿನ ಬೋರ್ಡು ಓದುವುದಕ್ಕೆಂದೇ ನನ್ನನ್ನು ಕರೆದೊಯ್ಯುತ್ತಿದ್ದಳು.

ರಾಯದುರ್ಗದ ಬಸ್ ನಿಲ್ದಾಣದಲ್ಲಿ ಒಂದು ಶನಿವಾರ ಹೀಗಾಯಿತು. ಬಸ್ಸೊಂದು ಬಂದು ನಿಂತು ಗುರುಗುಟ್ಟುತ್ತಿತ್ತು. ಅಜ್ಜಿ ಹಣ್ಣುಕಾಯಿಯ ಚೀಲವನ್ನು ಎದೆಗವಚಿಕೊಂಡು ಕೇಳಿದಳು.

"ಏನವ್ವಾ, ಇದು ನೇಮಕಲ್ಲಿಗೆ ಹೋಗತೈತೇನು?"

ನಾನು ಓದಲು ತೊಡಗಿದೆ. ಮುಂದೆ ದೊಡ್ಡದಾಗಿ ಬರೆದ ಊರನ್ನು ಓದಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ನಡುವಿನ ಊರುಗಳನ್ನು ಒಂದೊಂದಾಗಿ ಓದಿದೆ. ಯಾವ ಡಿಪೋ ಎಂಬುದನ್ನು ಓದಿದೆ. ಕನ್ನಡ ಶಾಲೆಯ ನನಗೆ ತೆಲುಗು ಅಕ್ಷರಗಳೂ ಬರುತ್ತವೆಂದು ನಿಲ್ದಾಣದ ಜನಕ್ಕೆ ತಿಳಿಯಲಿ ಎಂಬ ಆಸೆಯಿಂದ ಕಿಟಕಿಯ ಕೆಳಗಿದ್ದ "ಚೇತುಲು ಬಯಟ ಪೆಟ್ಟರಾದು" ಎಂಬುದನ್ನೂ ಗಟ್ಟಿಯಾಗಿ ಓದಿ, ಕೈಗಳನ್ನು ಹೊರಗೆ ಹಾಕಬಾರದು ಎಂದು ಅರ್ಥವನ್ನೂ ಹೇಳಿದೆ.

"ಯವ್ವಾ, ಕೈ ಹೊರಗ ಹಾಕೋದಕ್ಕ ಮೊದಲು ಒಳಗ ಕೂಡಬೇಕಲ್ಲೇ! ಹೋಗತೈತೋ ಇಲ್ಲೋ ಅಷ್ಟ ಹೇಳು!"

ಹೋಗುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು.

ಅಜ್ಜಿ ಬೈಯಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋಗಂಗಿಲ್ಲಂದ್ರ ಹೋಗಂಗಿಲ್ಲನ್ನು, ಇನ್ನೊಂದ ಬಸ್ಸು ನೋಡೋಣು. ಹೋಗತೈತಿ ಅಂದ್ರ ಹತ್ತೋಣು. ನಡುವ ನಿಂದ್ರಿಸಬ್ಯಾಡ ನೋಡು ನನ್ನ" ಎಂದಳು. ಅಷ್ಟು ಹೇಳಿದವಳು, ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ಹೆಂಗಸಿನ ಕಡೆಗೆ ತಿರುಗಿ ಹೆಮ್ಮೆಯಿಂದ, "ನಮ್ಮ ಹುಡುಗಿ ಒಂದಕ್ಷರ ಬಿಡಂಗಿಲ್ಲರೀ" ಎಂದುಬಿಟ್ಟಳು. ಇವೆರಡು ಮಾತುಗಳಲ್ಲಿ ನಾನು ಯಾವುದನ್ನು ಮನೆಗೆ ತೆಗೆದುಕೊಂಡು ಹೋಗಿರಬಹುದೆಂದು ನೀವೇ ಊಹಿಸಿಕೊಳ್ಳಿ.

ಮುಂದಿನ ಬಸ್ಸು ಬರುವ ಹೊತ್ತಿಗೆ ಬಿಸಿಲೇರಿತ್ತು. ಸೀಟು ಕೆಂಡವಾಗಿತ್ತು. ಅಜ್ಜಿ ತನ್ನ ಸೆರಗನ್ನು ಮಡಿಸಿ ರೆಕ್ಸಿನ್ ಮೇಲೆ ಹಾಸಿ, ಅದರ ಮೇಲೆ ನನ್ನನ್ನು ಕೂರಿಸಿದಳು. ದಾರಿಯುದ್ದಕ್ಕೂ ನಾನು ಸೆರಗಿನ ಮೇಲೆ, ಅವಳು ಆ ಸೆರಗಿಗೆ ಕಟ್ಟಿಹಾಕಿದಂತೆ ನನ್ನ ಕಡೆಗೆ ವಾಲಿಕೊಂಡು. ಚೀಲದ ವಾಸನೆ ಅಂದಿನದೇ.

ಒಂದಕ್ಷರವನ್ನೂ ಬಿಡದ ಹುಡುಗಿಗೆ ಪರೀಕ್ಷೆಗಳಲ್ಲಿ ಒಳ್ಳೆಯದೇ ಆಯಿತು. ಎರಡು ಅಂಕದ ಪ್ರಶ್ನೆಗೂ ಒಂದು ಪುಟ ಬರೆದೆ. ಪುಟದಲ್ಲಿ ಖಾಲಿ ಜಾಗ ಕಂಡರೆ ಏನೋ ಮರೆತಿರಬೇಕೆಂದು ಇನ್ನೆರಡು ಸಾಲು ಸೇರಿಸುತ್ತಿದ್ದೆ. ಮನೆಗೆ ಮೊದಲ ಪದವೀಧರೆಯಾದವಳು "ಗೊತ್ತಿಲ್ಲ" ಎನ್ನುವಂತಿಲ್ಲ, "ಇಲ್ಲ" ಎನ್ನುವಂತಿಲ್ಲ; ಇಷ್ಟೆಲ್ಲ ಓದಿಸಿದ್ದು ಇದಕ್ಕಾ ಎಂದು ಯಾರೂ ಕೇಳದಿದ್ದರೂ ನನ್ನ ಕಿವಿಗೆ ಅದು ಕೇಳಿಸುತ್ತಿತ್ತು.

ಪದವಿ ಓದಿದ್ದು ಮಡಕಶಿರದ ಹಾಸ್ಟೆಲಿನಲ್ಲಿದ್ದುಕೊಂಡು. ಹಾಸ್ಟೆಲಿನ ಪಕ್ಕದ ಹೈಸ್ಕೂಲಿನಲ್ಲಿ ತಿಪ್ಪೇಸ್ವಾಮಿ ಎಂಬ ಡ್ರಿಲ್ ಮೇಷ್ಟ್ರಿದ್ದರು. ಸಂಜೆ ನಮಗೂ ಥ್ರೋಬಾಲ್ ಆಡಿಸುತ್ತಿದ್ದರು. ಅವರು ಬೇಸಿಗೆ ರಜೆಗಳಲ್ಲಿ ಮಹಾರಾಷ್ಟ್ರದ ಕಡೆಗೆ ಹೋಗಿ ಗ್ಲೈಡರ್ ಹಾರಿಸುವುದನ್ನು ಕಲಿತು, ಯಾರೋ ಬಳಸಿ ಬಿಟ್ಟ ಕಿತ್ತಳೆ ಬಣ್ಣದ ರೆಕ್ಕೆಯೊಂದನ್ನು ಊರಿಗೆ ತಂದರು. ಮಡಕಶಿರದಲ್ಲಿ ಕೋಟೆಯ ಬೆಟ್ಟ ಇದ್ದೇ ಇದೆ. ಬಿಸಿಗಾಳಿಗೆ ನಮ್ಮ ಸೀಮೆಯಲ್ಲಿ ಎಂದೂ ಬರವಿಲ್ಲ. ಅವರ ಹೆಂಡತಿ ಶಾರದಕ್ಕ ಮನೆಯ ಹಿಂದೆ ರೇಷ್ಮೆಹುಳು ಸಾಕುತ್ತಾರೆ. ಗಂಡ ಆಕಾಶದಲ್ಲಿದ್ದಾಗ ಶಾರದಕ್ಕ ಸೊಪ್ಪು ಕೊಯ್ಯುವ ವೇಗ ಹೆಚ್ಚುತ್ತದೆ ಎಂದು ಬೀದಿಯವರು ನಗುತ್ತಿದ್ದರು. ಮೇಷ್ಟ್ರ ಆಸೆ ಒಂದೇ: ಮಡಕಶಿರದ ಬೆಟ್ಟದಿಂದ ಹೊರಟು, ನಡುವೆ ಪಾವಗಡದ ಸೀಮೆಯನ್ನು ದಾಟಿ, ರಾಯದುರ್ಗದ ಬೆಟ್ಟದ ಬುಡದಲ್ಲಿ ಇಳಿಯಬೇಕು.

ಅವರ ಫೋನಿಗೆ ಮೊದಲ ಪರದೆಯನ್ನು ಜೋಡಿಸಿಕೊಟ್ಟವಳು ನಾನೇ. ಅದರಲ್ಲಿ ಏನಿರಲಿಲ್ಲ ಎಂದು ಹೇಳುವುದು ಸುಲಭ: ಖಾಲಿ ಜಾಗವಿರಲಿಲ್ಲ. ಎತ್ತರ, ನೆಲದಿಂದ ಎತ್ತರ, ಏರುವ ವೇಗ, ಅದರ ಸರಾಸರಿ, ಗಾಳಿಯ ದಿಕ್ಕು, ಗಾಳಿಯ ವೇಗ, ಹೊರಟ ಸಮಯ, ಸೂರ್ಯ ಮುಳುಗುವ ಸಮಯ, ಬ್ಯಾಟರಿ, ಒಟ್ಟಿನಲ್ಲಿ ಬಸ್ಸಿನ ಬೋರ್ಡು ಸಂಪೂರ್ಣವಾಗಿ. ಪ್ರತಿ ಅಂಕಿಯ ಕೆಳಗೆ ಅದರ ಶುದ್ಧ ಹೆಸರು. ಮನೆಯ ಮೇಜಿನ ಮೇಲೆ ಆ ಪರದೆ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ನಾನೇ ಎರಡು ದಿನ ತೆಗೆದು ತೆಗೆದು ನೋಡಿದೆ.

ಹೋದ ವರ್ಷ ಮೇಷ್ಟ್ರು ಅದನ್ನು ಕಟ್ಟಿಕೊಂಡು ಹಾರಿ, ಪಾವಗಡದ ಆಚೆ ಜಾಲಿಯ ಮುಳ್ಳಿನ ನಡುವೆ ಇಳಿದರು. ನಾನು ನೋಡಲು ಹೋದಾಗ ಅವರು ಜಗುಲಿಯ ಮೇಲೆ ಬೋರಲಾಗಿ ಮಲಗಿದ್ದರು. ಶಾರದಕ್ಕ ಪಿನ್ನು ಹಿಡಿದು ಬೆನ್ನಿನ ಮುಳ್ಳು ತೆಗೆಯುತ್ತಿದ್ದರು.

"ಬಾಮ್ಮ, ಬಾ. ನಿನ್ನ ಫೋನು ಬಾಳ ಒಳ್ಳೇದು ಕಣಮ್ಮ" ಎಂದರು ಮೇಷ್ಟ್ರು, ನೆಲದ ಕಡೆಗೇ ಮುಖ ಮಾಡಿಕೊಂಡು. "ಸೂರ್ಯ ಎಷ್ಟೊತ್ತಿಗೆ ಮುಳುಗ್ತಾನೆ ಅಂತ ಹೇಳ್ತು. ನಾನು ಯಾವಾಗ ಮುಳುಗ್ತೀನಿ ಅಂತ ಹೇಳ್ಲಿಲ್ಲ."

"ಅಲ್ಲಾಡಬ್ಯಾಡ್ರಿ" ಎಂದರು ಶಾರದಕ್ಕ.

"ಮುಳ್ಳು ದಾಟಿ ಆಚೆ ಉತ್ತಿರೋ ಹೊಲ ಇತ್ತು ಕಣಮ್ಮ. ಅಲ್ಲಿಗೆ ಹೋಗ್ತೀನೋ ಇಲ್ವೋ ನೋಡಾಣ ಅಂತ ಬಗ್ಗಿದೆ. ಬಿಸ್ಲಿಗೆ ನನ್ನ ಮುಖಾನೇ ಕಾಣ್ತು ಅದ್ರಲ್ಲಿ. ಕೈ ಅಡ್ಡ ಹಿಡ್ದು ನೋಡಿದ್ರೆ ಪರದೆ ಮೇಲೆ ಒಂದು ಡಬ್ಬಿ ಬಂದು ಕೂತೈತೆ, ಈ ಹಾರಾಟದ ದಾಖಲೆ ಉಳಿಸಬೇಕಾ ಬೇಡವಾ ಅಂತ. ನಾನು ಅದನ್ನ ಕೇಳಾಣ ಅಂತ ಹೋದ್ರೆ ಅದೇ ನನ್ನ ಕೇಳ್ತು!"

ಶಾರದಕ್ಕ ನಗಲಿಲ್ಲ. ಪಿನ್ನನ್ನು ಸೆರಗಿಗೆ ಚುಚ್ಚಿಕೊಂಡು ನನ್ನ ಕಡೆ ನೋಡಿದರು. "ನೋಡಮ್ಮ, ನಿನ್ನ ಎದುರಿಗೇ ಹೇಳ್ತಿದೀನಿ. ಇನ್ನೊಂದ್ಸಲ ಈವಯ್ಯ ಮುಳ್ಳಲ್ಲಿ ಇಳಿದ್ರೆ, ಆ ಬಟ್ಟೇನ ಕತ್ತರಿಸಿ ಹುಳದ ಮನೆಗೆ ಪರದೆ ಕಟ್ಟಿಬಿಡ್ತೀನಿ. ಆಡಿದ ಮಾತು ತಪ್ಪಾಕಿಲ್ಲ ನಾನು."

ಶಾರದಕ್ಕನವರ ಮಾತು ಬೆದರಿಕೆಯಲ್ಲ, ತೀರ್ಮಾನ ಎಂಬುದು ನಮ್ಮಿಬ್ಬರಿಗೂ ಅರ್ಥವಾಗಿತ್ತು. ಇನ್ನೊಂದು ಮುಳ್ಳು ಅವರ ಹಾರಾಟದ ಕೊನೆ.

ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಸೀಟು ಕಾದಿತ್ತು. "ಹೋಗ್ತೀನೋ ಇಲ್ವೋ" ಎಂಬ ಮೇಷ್ಟ್ರ ಮಾತನ್ನು ಎಲ್ಲಿಯೋ ಕೇಳಿದ್ದೇನಲ್ಲ ಎಂದು ಹಿಂದೂಪುರದಿಂದ ಯೋಚಿಸಿದವಳಿಗೆ ಕಲ್ಯಾಣದುರ್ಗ ದಾಟಿದ ಮೇಲೆ ಅಜ್ಜಿಯ ಧ್ವನಿ ಕೇಳಿಸಿತು. ಅವಳು ಬದುಕಿದ್ದರೆ ಈ ನಿಧಾನವನ್ನು ಕಂಡು, ನಾಲ್ಕು ಬಸ್ಸು ತಪ್ಪಿದವು ಎನ್ನುತ್ತಿದ್ದಳು.

ಅಜ್ಜಿಯ ಜೊತೆಗಿನ ಪ್ರಯಾಣಗಳನ್ನು ಮತ್ತೆ ಮತ್ತೆ ನೆನೆದಂತೆ ಒಂದು ಸಂಗತಿ ಹೊಳೆಯಿತು. ಅವಳು ಒಂದು ಹೊತ್ತಿಗೆ ಒಂದನ್ನೇ ಕೇಳುತ್ತಿದ್ದಳು. ಹತ್ತುವ ಮೊದಲು, ಹೋಗುತ್ತದೆಯೋ ಇಲ್ಲವೋ. ಹತ್ತಿ ಕುಳಿತ ಮೇಲೆ ಅದನ್ನು ಪೂರ್ತಿ ಮರೆತು, ಬಂತೇನವ್ವಾ, ಬಂತೇನವ್ವಾ. ಇಳಿಯುವಾಗ, ಯಾವ ಕಡೀಗೆ ಅಡಿ ಇಡಬೇಕು. ಹಾರುವವರ ಸ್ಥಿತಿಯೂ ಬಹುಶಃ ಇದಕ್ಕಿಂತ ಬೇರೆಯಲ್ಲ. ಸುತ್ತುತ್ತ ಮೇಲೇರುವಾಗ ಅವರಿಗೆ ಬೇಕಾದದ್ದು ಏರುತ್ತಿದ್ದೇನೆಯೇ ಎಂಬುದು. ಅದನ್ನು ಫೋನು ಪೀಂ ಪೀಂ ಎಂದು ಕಿವಿಗೇ ಹೇಳಿದರೆ ಕಣ್ಣು ಆಕಾಶದ ಮೇಲಿರಬಹುದು. ಮುಂದಕ್ಕೆ ಜಾರುವಾಗ ಬೇಕಾದದ್ದು, ಈ ಎತ್ತರದಿಂದ ಅಲ್ಲಿಯವರೆಗೆ ಮುಟ್ಟುತ್ತೇನೆಯೇ. ನೆಲ ಹತ್ತಿರವಾದಾಗ ಗಾಳಿ ಯಾವ ಕಡೆಯದು ಎಂಬುದೊಂದೇ, ಏಕೆಂದರೆ ಗಾಳಿಗೆ ಎದುರಾಗಿಯೇ ಇಳಿಯಬೇಕು. ಆಯಾ ಹೊತ್ತಿನ ಪರದೆ ತಾನಾಗಿಯೇ ಎದುರು ಬರಬೇಕು, ಅವರು ಹುಡುಕಬಾರದು. ಏನನ್ನೂ ಅವರನ್ನು ಕೇಳಬಾರದು.

ಒಂದೊಂದು ಅಂಕಿಯನ್ನು ಅಳಿಸುವಾಗಲೂ ಉತ್ತರಪತ್ರಿಕೆಯ ಮೇಲೆ ನಾನೇ ಗೀಟು ಎಳೆದುಕೊಂಡಂತೆ ಸಂಕಟವಾಗುತ್ತಿತ್ತು. ಸೂರ್ಯಾಸ್ತವನ್ನು ಬಿಡಲು ಒಂದು ವಾರ ಹಿಡಿಯಿತು. ಕೊನೆಗೆ ನಡುವಿನ, ಎಂದರೆ ಮುಂದಕ್ಕೆ ಜಾರುವಾಗಿನ ಪರದೆಯಲ್ಲಿ ಉಳಿದದ್ದು ಗಾಳಿಯ ಒಂದು ಬಾಣ ಮತ್ತು ಒಂದು ದೊಡ್ಡ ಚೌಕ. ಗುರಿಯನ್ನು ಮುಟ್ಟುವಷ್ಟು ಎತ್ತರ ಇದ್ದರೆ ಚೌಕ ಬಿಳಿ, ಇಲ್ಲದಿದ್ದರೆ ಪೂರ್ತಿ ಕಪ್ಪು. ಆ ಕಪ್ಪಿನ ಬಗ್ಗೆ ನನಗೆ ಬಹಳ ಅಳುಕಿತ್ತು. ಆಕಾಶದಲ್ಲಿ ಒಂಟಿಯಾಗಿರುವ ಹಿರಿಯರಿಗೆ ಮುಖಕ್ಕೆ ಹೊಡೆದಂತೆ "ಇಲ್ಲ" ಎನ್ನುವುದು ಹೇಗೆ? ಬೂದು ಬಣ್ಣ ಹಾಕಿ ನೋಡಿದೆ. ಮಹಡಿಯ ಬಿಸಿಲಿನಲ್ಲಿ ಬೂದು ಯಾವುದು, ಬಿಳಿ ಯಾವುದು ಎಂದು ನನಗೇ ತಿಳಿಯಲಿಲ್ಲ. ನಡುವ ನಿಂದ್ರಿಸಬ್ಯಾಡ ಎಂದಿದ್ದಳಲ್ಲ. ಕಪ್ಪನ್ನೇ ಇಟ್ಟೆ.

ಹಾರದವಳು ಪರೀಕ್ಷಿಸುವುದು ಹೇಗೆ? ಗುಮ್ಮಘಟ್ಟಕ್ಕೆ ಹೋಗುವ ಶೇರ್ ಆಟೋ ಇದೆಯಲ್ಲ. ಚೀಲವನ್ನು ತೊಡೆಗೆ ಬಿಗಿದು, ಹಾರುವವರಂತೆ ದಪ್ಪ ಉಣ್ಣೆಯ ಕೈಗವಸು ಹಾಕಿಕೊಂಡು ಮಧ್ಯಾಹ್ನದ ಆಟೋ ಹತ್ತಿದೆ. ಪಕ್ಕದಲ್ಲಿ ಕುರಿಮರಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಒಬ್ಬ ಹಿರಿಯ ಹೆಂಗಸು ಕುಳಿತಿದ್ದರು.

"ಬಿಸಿಲಾಗ ಕೈಗವಸ! ಚಳಿಜ್ವರ ಏನವ್ವಾ?"

"ಇಲ್ಲಮ್ಮ. ಆಕಾಶದಲ್ಲಿ ಹಾರುವವರಿಗಾಗಿ ಇದನ್ನು ಪರೀಕ್ಷೆ ಮಾಡುತ್ತಿದ್ದೇನೆ" ಎಂದೆ, ಎಂದಿನ ಶುದ್ಧ ಭಾಷೆಯಲ್ಲಿ.

"ಯಪ್ಪಾ! ಓದಿದೋರಿಗೆ ನೆಲ ಸಾಕಾಗಂಗಿಲ್ಲ ನೋಡು" ಎಂದು ಅವರು ಮರಿಗೆ ಹೇಳಿದರು.

ಡ್ರೈವರ್ ಕನ್ನಡಿಯಲ್ಲಿ ನನ್ನ ತೊಡೆಯ ಮೇಲಿನ ಬಾಣವನ್ನು ಕಂಡು ನೊಂದುಕೊಂಡ. "ಮೇಡಂ, ದಾರಿ ನಂಗ ಗೊತ್ತೈತ್ರಿ. ಫೋನ್ ಯಾಕ ಬೇಕ್ರಿ?"

ಗುಂಡಿಯೊಂದಕ್ಕೆ ಆಟೋ ಹಾರಿತು. ಪರದೆಯ ಮೇಲ್ತುದಿಯ ಗುರುತನ್ನು ಒತ್ತಲು ಹೋದ ನನ್ನ ಬೆರಳು ಕುರಿಮರಿಯ ಕಿವಿಗೆ ಬಿತ್ತು. ಮರಿ ಅರಚಿತು, ಆಟೋ ನಕ್ಕಿತು. ಆ ಸಂಜೆಯೇ ಒತ್ತುವ ಗುರುತುಗಳನ್ನೆಲ್ಲ ಕೆಳಗಿನ ಅಂಚಿಗೆ ಇಳಿಸಿ, ಹೆಬ್ಬೆರಳಿನಷ್ಟು ದೊಡ್ಡದು ಮಾಡಿದೆ. ಚೀಲದ ಅಂಚಿಗೆ ಕೈ ಊರಿಕೊಂಡರೆ ನೋಡದೆಯೂ ಬೆರಳಿಗೆ ಸಿಗುವಂತೆ.

ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ, ನಿನ್ನೆ, ಮೇಷ್ಟ್ರು ಹೊರಟರು. ಬೆಳಿಗ್ಗೆ ಶಾರದಕ್ಕನವರ ಫೋನು ಬಂತು. "ಹೋದ್ರಮ್ಮ. ಕತ್ತರಿ ಸಾಣೆ ಹಿಡಿಸಿ ಇಟ್ಟಿದೀನಿ" ಎಂದಷ್ಟೇ ಹೇಳಿದರು. ನಗುವಿನ ಮಾತೋ ಅಲ್ಲವೋ ತಿಳಿಯಲಿಲ್ಲ. ಮಧ್ಯಾಹ್ನದ ನಂತರ ಮಹಡಿಯ ಮೇಲೆ ನಿಂತು ಆಗ್ನೇಯದ ಕಡೆಗೆ ನೋಡುತ್ತಿದ್ದೆ. ಹದ್ದುಗಳು ಕಂಡವು. ಕಿತ್ತಳೆ ಬಣ್ಣ ಕಾಣಲಿಲ್ಲ. ಕಾಲೇಜಿನ ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತು, ಒಬ್ಬಳ ಹೆಚ್ಚುವರಿ ಹಾಳೆಗಳನ್ನು ಎಣಿಸದೆಯೇ ಪಕ್ಕಕ್ಕಿಟ್ಟೆ.

ಸಂಜೆಯ ಹೊತ್ತಿಗೆ ಫೋನಿಗೆ ಮೇಷ್ಟ್ರಿಂದ ಎರಡು ಪದಗಳು ಬಂದವು: "ಗುಮ್ಮಘಟ್ಟ. ಕುರಿ."

ಅದೇ ಆಟೋ ಹತ್ತಿದೆ. ಮುಟ್ಟಲಿಲ್ಲವಲ್ಲ, ಮುಳ್ಳೇ ಇರಬೇಕು, ಆ ಕಡೆ ಜಾಲಿಗೇನು ಕೊರತೆ, ಎಂದು ದಾರಿಯುದ್ದಕ್ಕೂ ಹುಳದ ಮನೆಗೆ ಕಟ್ಟಿದ ಕಿತ್ತಳೆ ಪರದೆಗಳೇ ಕಣ್ಣ ಮುಂದೆ ಬಂದವು. ಊರಿನ ಆಚೆ, ಕಡಲೆಕಾಯಿ ಕಿತ್ತ ಬಯಲಿನ ನಡುವೆ, ಮಡಿಸಿದ ರೆಕ್ಕೆಯ ಮೇಲೆ ಮೇಷ್ಟ್ರು ಕುಳಿತಿದ್ದರು. ಎದುರಿಗೆ ಕುರಿಗಾಹಿಯೊಬ್ಬರು ಕೋಲೂರಿ ನಿಂತು ದೂರು ಹೇಳುತ್ತಿದ್ದರು.

"ನೋಡ್ರಿ ಮೇಡಂ, ಹದ್ದ ಬಂತಂತ ಕುರಿ ಎಲ್ಲಾ ಚೆದುರ್ಯಾವ್ರಿ. ಕೂಡಿಸ್ರಿ ಅಂದ್ರ ಇವರು ಸೀಟಿ ಊದಿದ್ರು. ಇದ್ದ ನಾಕೂ ಓಡಿಹೋದ್ವು!"

"ಮಕ್ಳಾದ್ರೆ ಬಂದು ಸಾಲಾಗಿ ನಿಂತ್ಕತಿದ್ವು" ಎಂದರು ಮೇಷ್ಟ್ರು. ನಾನು ಅವರ ಬೆನ್ನಿನ ಸುತ್ತ ಒಂದು ಸುತ್ತು ಬಂದೆ. ಮಣ್ಣಿತ್ತು. ಚೀಲದ ಪಟ್ಟಿಯೊಂದು ಕಿತ್ತುಬಂದಿತ್ತು. ಮುಳ್ಳಿರಲಿಲ್ಲ.

"ರಾಯದುರ್ಗದ ಬೆಟ್ಟ ಕಾಣ್ತಾನೇ ಇತ್ತು ಕಣಮ್ಮ" ಎಂದರು ಅವರು. "ಹೋಗೇಬಿಡಾಣ ಅಂತ ಮನಸ್ಸು ಎಳೀತಿತ್ತು. ಚೌಕ ಕಪ್ಪಗಾಯ್ತು. ಕೈಯಲ್ಲಿ ಇನ್ನೂ ಬೇಕಾದಷ್ಟು ಎತ್ತರ ಐತೆ, ಆಗಲೇ ಇಲ್ಲ ಅಂತು. ಇಲ್ಲ ಅಂದ್ಮೇಲೆ ಏನು, ಆರಾಮಾಗಿ ಹೊಲ ಹುಡುಕ್ದೆ. ಈ ಹೊಲಾನ ನಾನೇ ಆರಿಸ್ಕಂಡಿದ್ದು, ನೋಡು ಎಷ್ಟು ಚೆನ್ನಾಗೈತೆ." ಹೊಲ ತಮ್ಮದೇ ಎಂಬಂತೆ ಕೈ ಬೀಸಿ ತೋರಿಸಿದರು.

ಆಗ ಶಾರದಕ್ಕನವರ ಕರೆ ಬಂತು. ಮೇಷ್ಟ್ರು ಫೋನನ್ನು ಕಿವಿಗಿಟ್ಟು ಆರಂಭಿಸಿದರು. "ಕೇಳೇ, ಕೋಟೆ ಬೆಟ್ಟದ ಮೇಲೆ ಗಾಳಿ ಮೊದ್ಲು ಸರಿಯಾಗಿರ್ಲಿಲ್ಲ, ಆಮೇಲೆ ಪಾವಗಡದ ಹತ್ರ ಒಂದು ಹದ್ದು..." ಆ ಕಡೆಯಿಂದ ಬರುತ್ತಿದ್ದ ಪ್ರಶ್ನೆ ನನಗೂ ಕೇಳಿಸುತ್ತಿತ್ತು. ಮೂರನೆಯ ಬಾರಿಗೆ ಅದು ಬಯಲಿಗೆಲ್ಲ ಕೇಳಿಸಿತು. "ಮುಳ್ಳೋ, ಹೊಲವೋ?"

ನಾನು ಹಿರಿಯರ ಕೈಯಿಂದ ಫೋನು ಕಿತ್ತುಕೊಂಡೆ. ಜೀವನದಲ್ಲಿ ಅಂತಹ ಅವಿನಯವನ್ನು ನಾನು ಮಾಡಿದವಳಲ್ಲ.

"ಹೊಲ, ಅಕ್ಕ."

ಆ ಕಡೆ ಉಸಿರು ಬಿಟ್ಟದ್ದು ಕೇಳಿತು. ಆಮೇಲೆ, "ರಾತ್ರಿ ಊಟಕ್ಕೆ ಬರ್ತಾರೇನಮ್ಮ?"

ಕೊನೆಯ ಬಸ್ಸು, ರೆಕ್ಕೆಯ ಭಾರ, ಹಿಂದೂಪುರದಲ್ಲಿ ಬಸ್ಸು ಬದಲಿಸುವುದು, ಎಲ್ಲವೂ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡೆ.

"ಬರಲ್ಲ ಅಕ್ಕ."

"ಹಂಗಾದ್ರೆ ಒಂದೇ ಮುದ್ದೆ ಕಟ್ಕತೀನಿ" ಎಂದು ಶಾರದಕ್ಕ ಫೋನಿಟ್ಟರು.

ಮೇಷ್ಟ್ರು ರಾತ್ರಿ ನಮ್ಮಲ್ಲಿಯೇ ಉಳಿದು, ಇಂದು ಮೊದಲ ಬಸ್ಸಿಗೆ ರೆಕ್ಕೆಯನ್ನು ಹೊತ್ತು ಹೊರಟರು. ಹೊಲಿಗೆ ಬಿಟ್ಟ ಚೀಲ ನನ್ನಲ್ಲಿ ಉಳಿಯಿತು. ಬಸ್ಸು ಹತ್ತುವ ಮೊದಲು ಪರದೆಯನ್ನು ತೋರಿಸಿ, "ಇಲ್ಲಿ ಮೂಲೇಲಿ ಜಾಗ ಖಾಲಿ ಐತಲ್ಲಮ್ಮ. ಸೂರ್ಯ ಮುಳುಗೋ ಹೊತ್ತು ಹಾಕ್ಬಾರ್ದಾ?" ಎಂದು ಕೇಳಿದರು. ಖಾಲಿಯೇ ಇರಲಿ ಬಿಡಿ ಸಾರ್ ಎಂದೆ. ಮುಂದಿನ ಸಲ ರಾಯದುರ್ಗಕ್ಕೇ ಬಂದು ಇಳಿಯುತ್ತಾರಂತೆ. ಕತ್ತರಿಯನ್ನು ಶಾರದಕ್ಕ ಸೊಪ್ಪಿಗೆ ಬಳಸುತ್ತಿದ್ದಾರಂತೆ.

ಟೈಲರ್ ಅಂಗಡಿ ತೆಗೆಯುವ ಹೊತ್ತಾಯಿತು. ಕಟ್ಟೆಯ ಮೇಲಿನ ಚೀಲ ಮುಟ್ಟಲಾರದಷ್ಟು ಕಾದಿತ್ತು. ದುಪಟ್ಟಾದ ಅಂಚನ್ನು ಮಡಿಸಿ, ಅದರ ಮೇಲಿಟ್ಟುಕೊಂಡು ಕೆಳಗಿಳಿದೆ.